ಮಲಾವಿಯಲ್ಲಿ ಮೂರು ವರ್ಷದ ಬಾಣಂತಿ ಆರೋಗ್ಯ ಯೋಜನೆ: ಸಿಬ್ಬಂದಿ, ತರಬೇತಿ, ಬಜೆಟ್ ಹೇಗೆ ಹೊಂದಿಸೋದು?

ಗುಡ್ಡದಮನೆ

ಎಲ್ಲರಿಗೂ ನಮಸ್ಕಾರ. ದಾನಿ ಸಂಸ್ಥೆಗೆ ಬಜೆಟ್ ಕಳಿಸುವ ಮೊದಲು ಬಲ್ಲವರ ಕಣ್ಣಿಗೊಮ್ಮೆ ಬೀಳಲಿ ಅಂತ ಇಲ್ಲಿ ಹಾಕ್ತಿದ್ದೇನೆ.

ಜಾಗ: ಮಲಾವಿಯ ಮಧ್ಯ ಪ್ರಾಂತ್ಯದ ಒಂದು ಜಿಲ್ಲೆ. ಒಂದು ಜಿಲ್ಲಾ ಆಸ್ಪತ್ರೆ, 14 ಆರೋಗ್ಯ ಕೇಂದ್ರ. ಕೇಂದ್ರಗಳಲ್ಲಿ ವರ್ಷಕ್ಕೆ 12,600, ಆಸ್ಪತ್ರೆಯಲ್ಲಿ 4,400, ಒಟ್ಟು 17,000 ಹೆರಿಗೆ. ಮೂರು ವರ್ಷಕ್ಕೆ 9 ಲಕ್ಷ ಡಾಲರ್. ಗುರಿ ಎರಡೇ: ಹೆರಿಗೆ ನಂತರದ ರಕ್ತಸ್ರಾವ ಮತ್ತು ಎಕ್ಲಾಂಪ್ಸಿಯಾದಿಂದ (ಬಿಪಿ ಏರಿ ಗರ್ಭಿಣಿ-ಬಾಣಂತಿಯರಿಗೆ ಬರುವ ಫಿಟ್ಸ್) ಆಗುವ ಸಾವು ಕಡಿಮೆ ಮಾಡೋದು.

ಕರಡಿನಲ್ಲಿ ಹಂಚಿಕೆ ಹೀಗಿದೆ: ತರಬೇತಿ 38%, ಯೋಜನಾ ಕಚೇರಿಯ ಸಂಬಳ 34%, ಔಷಧಿ-ಸಾಮಗ್ರಿ 9%, ವಾಹನ ಮತ್ತು ಇಂಧನ 8%, ಓವರ್‌ಹೆಡ್ (ಸಂಸ್ಥೆಯ ಸಾಮಾನ್ಯ ಆಡಳಿತ ವೆಚ್ಚ) 11%. ತರಬೇತಿ ಅಂದರೆ 120 ನರ್ಸ್-ಮಿಡ್‌ವೈಫ್ ಟೆಕ್ನಿಷಿಯನ್‌ಗಳಿಗೆ ಲಿಲಾಂಗ್ವೆಯ ಹೋಟೆಲಿನಲ್ಲಿ ಐದು ದಿನದ ವಸತಿ ತರಬೇತಿ, ವರ್ಷಕ್ಕೊಂದು ಸಲ. ಎಲ್ಲಿ ಎಡವುತ್ತದೆ, ಮುಲಾಜಿಲ್ಲದೆ ಹೇಳಿ.

ತುಂಗಾ_ಮಿಡ್‌ವೈಫ್

ಮೊದಲು ಹೋಟೆಲ್ ತೆಗೆಯಿರಿ. ಅದು ದುಬಾರಿ ಅನ್ನೋದು ಎರಡನೇ ಮಾತು, ಕಲಿತದ್ದು ಹೆರಿಗೆ ಕೋಣೆಗೆ ಇಳಿಯಲ್ಲ ಅನ್ನೋದೇ ದೊಡ್ಡ ತಕರಾರು. ಟಾಂಜಾನಿಯಾದ ಹೈಡಮ್ ಆಸ್ಪತ್ರೆಯಲ್ಲಿ ನವಜಾತ ಶಿಶುವಿಗೆ ಉಸಿರು ಕೊಡುವ ಒಂದು ದಿನದ ತರಬೇತಿ ಕೊಟ್ಟು ತಿಂಗಳುಗಳ ನಂತರ ನೋಡಿದರು. ಬೊಂಬೆಯ ಮೇಲೆ ಸಿಬ್ಬಂದಿಯ ಕೈ ಚೆನ್ನಾಗಿ ಓಡುತ್ತಿತ್ತು, ನಿಜವಾದ ಮಗುವಿನ ಹತ್ತಿರ ಮಾತ್ರ ಏನೂ ಬದಲಾಗಿರಲಿಲ್ಲ. ಅದೇ ಆಸ್ಪತ್ರೆಯಲ್ಲಿ ಆಮೇಲೆ ವಾರ್ಡಿನೊಳಗೇ ಪುಟ್ಟ ಪುಟ್ಟ ಅಭ್ಯಾಸವನ್ನು ಪದೇಪದೇ ಮಾಡಿಸಿದಾಗ ಮೊದಲ 24 ಗಂಟೆಯ ಶಿಶು ಸಾವು ಇಳಿಯಿತು. ಪಾಠ ಹೆಚ್ಚು ಕಡಿಮೆ ಅದೇ, ಕಲಿಸಿದ ಜಾಗ ಮತ್ತು ಎಷ್ಟು ಸಲ ಕಲಿಸಿದರು ಅನ್ನೋದು ಬೇರೆ.

ನೀವು ಮಾಡಬಹುದಾದ್ದು: ಪ್ರತಿ ಕೇಂದ್ರದಲ್ಲಿ ಒಂದೇ ದಿನದ ತರಬೇತಿ, ಅಲ್ಲಿಯ ಹೆರಿಗೆ ಕೋಣೆಯಲ್ಲೇ, ಅಲ್ಲಿಯ ಟ್ರೇ ಮತ್ತು ಅಲ್ಲಿಯ ಔಷಧಿ ಇಟ್ಟುಕೊಂಡು. ‘ಹೆಲ್ಪಿಂಗ್ ಮದರ್ಸ್ ಸರ್ವೈವ್’ ಪಾಠಗಳು ಇದಕ್ಕೆಂದೇ ಮಾಡಿದವು. ಆಮೇಲೆ ವಾರಕ್ಕೊಂದು ಸಲ ಪಾಳಿ ಬದಲಾಗುವ ಹೊತ್ತಿಗೆ 10-15 ನಿಮಿಷದ ಅಭ್ಯಾಸ. ಮಾಮಾನಟಾಲಿ ಅಂತ ಒಂದು ಸಾಧನ ಇದೆ. ಒಬ್ಬರು ಅದನ್ನು ಹೊಟ್ಟೆಗೆ ಕಟ್ಟಿಕೊಂಡು ಬಾಣಂತಿಯ ಪಾತ್ರ ಮಾಡುತ್ತಾರೆ. ಒಳಗೆ ಕೃತಕ ರಕ್ತದ ಚೀಲ, ಗರ್ಭಕೋಶವನ್ನು ಮೆತ್ತಗೂ ಗಟ್ಟಿಗೂ ಮಾಡಬಹುದು. ಇದು ಯೋಜನಾ ಕಚೇರಿಯ ಬೀರುವಿನಲ್ಲಿ ಬೀಗ ಹಾಕಿಕೊಂಡು ಕೂರುವ ವಸ್ತುವಲ್ಲ. ಮೂರು ಕೇಂದ್ರಕ್ಕೆ ಒಂದರಂತೆ ಸುತ್ತಬೇಕು, ಆಸ್ಪತ್ರೆಯಲ್ಲಿ ಒಂದು ಕಾಯಂ ಇರಬೇಕು. ಪ್ರತಿ ಕೇಂದ್ರದಲ್ಲಿ ಇಬ್ಬರು ಅಭ್ಯಾಸ ಮುಖ್ಯಸ್ಥರು. ಒಬ್ಬರೇ ಇದ್ದರೆ ಅವರು ರಜೆ ಹಾಕಿದ ತಿಂಗಳೇ ಅಭ್ಯಾಸ ನಿಂತುಹೋಗುತ್ತದೆ.

ರಕ್ತಸ್ರಾವಕ್ಕೆ ಇ-ಮೋಟಿವ್ ಕ್ರಮ ಹಿಡಿಯಿರಿ. ಮಗು ಹುಟ್ಟಿದ ಕೂಡಲೇ ತಾಯಿಯ ಕೆಳಗೆ ಡ್ರೇಪ್, ಅಂದರೆ ಸುರಿದ ರಕ್ತ ಸೇರುವ, ಅಳತೆ ಗೆರೆ ಇರುವ ಪ್ಲಾಸ್ಟಿಕ್ ಹಾಳೆ. ಮೊದಲ ಒಂದು ಗಂಟೆ, 15 ನಿಮಿಷಕ್ಕೊಮ್ಮೆ ರಕ್ತದ ಮಟ್ಟ, ನಾಡಿ, ಬಿಪಿ, ಗರ್ಭಕೋಶದ ಗಟ್ಟಿತನ ನೋಡಿ ಬರೆಯುವುದು. ರಕ್ತ 500 ಮಿ.ಲೀ. ಮುಟ್ಟಿದರೆ, ಅಥವಾ 300 ದಾಟಿ ನಾಡಿ-ಬಿಪಿ ಏರುಪೇರಾದರೆ, ಶುರು: ಗರ್ಭಕೋಶದ ಮಸಾಜ್, ಗರ್ಭಕೋಶ ಕುಗ್ಗಿಸುವ ಆಕ್ಸಿಟೋಸಿನ್, ಹೆಪ್ಪು ಕರಗದಂತೆ ತಡೆಯುವ ಟ್ರಾನೆಕ್ಸಾಮಿಕ್ ಆಸಿಡ್ 1 ಗ್ರಾಂ ನಿಧಾನವಾಗಿ 10 ನಿಮಿಷದಲ್ಲಿ ರಕ್ತನಾಳಕ್ಕೆ, ಐವಿ ದ್ರವ, ಮೂತ್ರಕೋಶ ಖಾಲಿ ಮಾಡಿಸಿ ಹರಿದಿದೆಯೇ, ಮಾಸು ಪೂರ್ತಿ ಬಂದಿದೆಯೇ ಅಂತ ಪರೀಕ್ಷೆ. ಇದೆಲ್ಲ ಒಟ್ಟಿಗೆ ಆಗಬೇಕು. ಒಂದು ಕೊಟ್ಟು ನೋಡೋಣ, ನಿಲ್ಲದಿದ್ದರೆ ಇನ್ನೊಂದು ಅಂತ ಕಾಯುವ ಹಳೇ ರೂಢಿಯೇ ಜೀವ ತೆಗೆಯೋದು.

2023ರಲ್ಲಿ ಬಂದ ಫಲಿತಾಂಶ: ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ಟಾಂಜಾನಿಯಾದ 80 ಆಸ್ಪತ್ರೆ, ಎರಡು ಲಕ್ಷಕ್ಕೂ ಹೆಚ್ಚು ತಾಯಂದಿರು. ತೀವ್ರ ರಕ್ತಸ್ರಾವ, ಅದಕ್ಕಾಗಿ ಹೊಟ್ಟೆ ತೆರೆಯುವ ಶಸ್ತ್ರಚಿಕಿತ್ಸೆ, ಅದರಿಂದ ಸಾವು, ಈ ಮೂರೂ ಸೇರಿ 4.3% ಇದ್ದದ್ದು 1.6% ಆಯಿತು. ನಿಮಗೆ ಇದಕ್ಕಿಂತ ಮುಖ್ಯವಾದ ಅಂಕಿ ಇನ್ನೊಂದಿದೆ. ಅಳತೆ ಗೆರೆಯ ಡ್ರೇಪ್ ಇಲ್ಲದೆ ಹಳೇ ರೂಢಿಯಲ್ಲೇ ನಡೆದ ಕಡೆ ರಕ್ತಸ್ರಾವದ ಕೇಸುಗಳಲ್ಲಿ ಪತ್ತೆಯಾದದ್ದು 51%, ಆ ಡ್ರೇಪ್ ಮತ್ತು ಈ ಕ್ರಮ ಇದ್ದ ಕಡೆ 93%. ಅಂದರೆ ಕೆಲಸ ಸರಿಯಾಗಿ ಶುರುವಾದ ಮೊದಲ ಎರಡು ತ್ರೈಮಾಸಿಕದಲ್ಲಿ ನಿಮ್ಮ ರಿಜಿಸ್ಟರಿನಲ್ಲಿ ರಕ್ತಸ್ರಾವದ ಸಂಖ್ಯೆ ಏರುತ್ತದೆ. ದಾನಿಗೆ ಇದನ್ನು ಈಗಲೇ ಬರೆದು ತಿಳಿಸಿ. ಆಮೇಲೆ ಹೇಳಿದರೆ ಸಬೂಬಿನ ಹಾಗೆ ಕೇಳುತ್ತದೆ. ಸೂಚ್ಯಂಕವನ್ನೂ ‘ರಕ್ತಸ್ರಾವದ ಪ್ರಮಾಣ’ ಅಂತ ಇಡಬೇಡಿ. ‘ಪತ್ತೆಯಾದವರಲ್ಲಿ ಎಷ್ಟು ಜನರಿಗೆ ಪೂರ್ತಿ ಕ್ರಮ ಸಿಕ್ಕಿತು’ ಅಂತ ಇಡಿ.

ಎರಡನೇಪಾಳಿ

ತುಂಗಾ ಮೇಡಂ ಹೇಳಿದ್ದಕ್ಕೆ ಪಾಳಿಯ ಲೆಕ್ಕ ಸೇರಿಸ್ತೀನಿ, ಯಾಕಂದ್ರೆ ಬಜೆಟ್ ಬರೆಯುವವರು ನೋಡದೆ ಬಿಡೋದು ಇದನ್ನೇ.

ಹೆರಿಗೆ ಕೋಣೆಯಲ್ಲಿ ಹಗಲೂ ರಾತ್ರಿ ಒಬ್ಬರು ಇರಬೇಕು ಅಂದರೆ ವಾರಕ್ಕೆ 168 ಗಂಟೆ. ಒಬ್ಬರಿಗೆ 40 ಗಂಟೆ ಹಿಡಿದರೆ 4.2 ಜನ. ಆದರೆ 52 ವಾರದಲ್ಲಿ ವಾರ್ಷಿಕ ರಜೆ 4, ಸರ್ಕಾರಿ ರಜೆ 2, ಕಾಯಿಲೆ 1, ತರಬೇತಿ 1 ಅಂತ ತೆಗೆದರೆ ಕೈಗೆ ಸಿಗೋದು 44 ವಾರ. 4.2ನ್ನು 52ರಿಂದ ಗುಣಿಸಿ 44ರಿಂದ ಭಾಗಿಸಿ: ಸುಮಾರು 5 ಜನ. ಇದು ಒಬ್ಬರು ಇರಲಿಕ್ಕೆ. ರಕ್ತಸ್ರಾವ ಶುರುವಾದಾಗ ಒಬ್ಬರ ಎರಡು ಕೈಯಲ್ಲಿ ಮಸಾಜ್ ಮಾಡುತ್ತಾ ಡ್ರಿಪ್ ಹಾಕೋದು ಆಗಲ್ಲ. ಹಾಗಾಗಿ ಕರೆದ ಕೂಡಲೇ ಬರುವ ಎರಡನೆಯವರು ಯಾರು ಅಂತ ಪ್ರತಿ ರಾತ್ರಿಯ ಪಟ್ಟಿಯಲ್ಲಿ ಹೆಸರು ಇರಬೇಕು. ನರ್ಸ್ ಸಿಗದಿದ್ದರೆ ಹಾಸ್ಪಿಟಲ್ ಅಟೆಂಡೆಂಟ್ ಆದರೂ ಸರಿ, ಅವರಿಗೂ ಅಭ್ಯಾಸದಲ್ಲಿ ಪಾತ್ರ ಕೊಡಿ: ಡ್ರಿಪ್ ಬಾಟಲಿ ತರುವುದು, ಸಮಯ ಕೂಗುವುದು, ಆಂಬುಲೆನ್ಸಿಗೆ ಫೋನ್ ಮಾಡುವುದು.

ಈಗ ಕೆಲಸದ ಹೊರೆಯಿಂದ ನೋಡಿ. ವಿಶ್ವ ಆರೋಗ್ಯ ಸಂಸ್ಥೆಯ ವಿಸ್ನ್ ಪದ್ಧತಿ ಇದಕ್ಕೇ ಇರೋದು. ಒಂದು ಸಾಮಾನ್ಯ ಹೆರಿಗೆಗೆ ಸಿಬ್ಬಂದಿಯ 6 ಗಂಟೆ ಅಂತ ಇಟ್ಟುಕೊಳ್ಳಿ. ಈ ಅಂಕಿಯನ್ನು ಅಲ್ಲಿಯ ಮಿಡ್‌ವೈಫ್‌ಗಳೇ ಕೂತು ತೀರ್ಮಾನಿಸಬೇಕು, ಕಚೇರಿಯವರಲ್ಲ. 44 ವಾರಕ್ಕೆ 1,760 ಗಂಟೆ, ಅಂದರೆ ಒಬ್ಬರಿಗೆ ವರ್ಷಕ್ಕೆ 293 ಹೆರಿಗೆ. 900 ಹೆರಿಗೆಯ ಕೇಂದ್ರಕ್ಕೆ 3 ಜನ ಸಾಕು ಅನ್ನುತ್ತದೆ ಲೆಕ್ಕ. ಆದರೆ ಪಾಳಿ ತುಂಬಲು 5 ಜನ ಬೇಕು ಅಂತ ಆಗಲೇ ನೋಡಿದೆವು. ಅದೇ ಜಿಲ್ಲಾ ಆಸ್ಪತ್ರೆಯ 4,400 ಹೆರಿಗೆಗೆ 15 ಜನ ಬೇಕು, ಅಲ್ಲಿ ಹೊರೆಯ ಲೆಕ್ಕವೇ ಗೆಲ್ಲುತ್ತದೆ. ಚಿಕ್ಕ ಕೇಂದ್ರಕ್ಕೆ ಪಾಳಿ, ದೊಡ್ಡದಕ್ಕೆ ಹೊರೆ. ಎರಡನ್ನೂ ಹಾಕಿ, ಯಾವುದು ಹೆಚ್ಚೋ ಅದನ್ನು ಹಿಡಿಯಿರಿ.

ಮೂರೇ ನರ್ಸ್ ಇರುವ ಕೇಂದ್ರದಿಂದ ಒಬ್ಬರನ್ನು ನಿಮ್ಮ ಹೋಟೆಲಿಗೆ ಕರೆದೊಯ್ದರೆ ಉಳಿದ ಇಬ್ಬರು ಆ ವಾರ ತಲಾ 84 ಗಂಟೆ ದುಡಿಯುತ್ತಾರೆ. ಆ ವಾರ ಅಲ್ಲಿ ಏನಾದರೂ ಅನಾಹುತವಾದರೆ ಅದು ನಿಮ್ಮ ತರಬೇತಿ ವರದಿಯಲ್ಲಿ ಬರಲ್ಲ ಅಷ್ಟೆ.

ಇನ್ನೊಂದು, ವಾರ್ಡ್ ಬದಲಾವಣೆ. ಹೆರಿಗೆ ಕೋಣೆಯಲ್ಲಿ ಕೈ ಪಳಗಿದವರನ್ನು ಕೆಲವೇ ತಿಂಗಳಲ್ಲಿ ಮಕ್ಕಳ ವಾರ್ಡಿಗೋ ಓಪಿಡಿಗೋ ಹಾಕುತ್ತಾರೆ. ತರಬೇತಿ ಪಡೆದವರಲ್ಲಿ ಕನಿಷ್ಠ ಮೂರನೇ ಎರಡು ಭಾಗವನ್ನು 12 ತಿಂಗಳು ಅಲುಗಾಡಿಸಬಾರದು ಅಂತ ಜಿಲ್ಲಾ ನರ್ಸಿಂಗ್ ಅಧಿಕಾರಿಯ ಹತ್ತಿರ ಒಪ್ಪಂದ ಮಾಡಿಕೊಳ್ಳಿ, ಅದನ್ನು ಜಿಲ್ಲಾ ಅನುಷ್ಠಾನ ಯೋಜನೆಯಲ್ಲೇ ಬರೆಸಿ. ದುಡ್ಡು ಬಿಡುಗಡೆಯಾದ ಮೇಲೆ ಈ ಮಾತು ಎತ್ತಿದರೆ ಯಾರೂ ಕಿವಿಗೊಡಲ್ಲ.

ಬೆಳಗಾವ್ಯಾಂವ್

ಜಾಗಾದಾಗ ಹೋಗಿ ಕಲಿಸೂದಕ್ಕ ನಮ್ಮ ಕಡೆ ಪುರಾವೆ ಐತ್ರಿ. ಸುಕ್ಷೇಮ ಯೋಜನಾದಾಗ ಉತ್ತರ ಕರ್ನಾಟಕದ ಎಂಟು ಜಿಲ್ಲಾದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕ ಮೆಂಟರ್ ನರ್ಸ್‌ಗಳನ್ನ ಕಳಸ್ತಿದ್ರು. ಬಳ್ಳಾರಿ, ಗುಲ್ಬರ್ಗಾ ಜಿಲ್ಲಾದ 108 ಕೇಂದ್ರ ಹಿಡದು, ಅರ್ಧಕ್ಕ ಮೆಂಟರ್ ಕೊಟ್ಟು ಅರ್ಧಕ್ಕ ಕೊಡದ ಹೋಲಿಸಿ ನೋಡಿದ್ರು. ಮೆಂಟರ್ ಹೋದ ಕಡೆ ಔಷಧ-ಸಾಮಾನಿನ ತಯಾರಿ, ಸಿಬ್ಬಂದಿ ತಿಳುವಳಿಕಿ ಎರಡೂ ಸುಧಾರಿಸಿದ್ವು. ಅಲ್ಲಿ ಮುಖ್ಯ ಆಗಿದ್ದು ಕೇಸ್ ಶೀಟ್ ನೋಡ್ರಿ. ಹೆರಿಗಿ ಹಂತಕ್ಕ ತಕ್ಕಂಗ ‘ಇದನ್ನ ನೋಡಿದ್ಯಾ, ಇದನ್ನ ಕೊಟ್ಟ್ಯಾ’ ಅಂತ ಅದೇ ಕೇಳ್ತಿತ್ತು. ಮೆಂಟರ್ ಬಂದಾಗ ಹಳೇ ಶೀಟ್ ತಗದು, ಎಲ್ಲಿ ಖಾಲಿ ಬಿಟ್ಟಾರ ಅಲ್ಲಿಂದ ಪಾಠ ಶುರು.

ನಿಮ್ಮ 15 ಜಾಗಕ್ಕ ಮೂರು ಮಂದಿ ಮೆಂಟರ್ ಸಾಕು, ತಲಾ ಐದು. ತಿಂಗಳಿಗೆ 20 ಕೆಲಸದ ದಿನ ಹಿಡದ್ರ: ಪ್ರತಿ ಜಾಗಕ್ಕ 2 ದಿನ, ಅಂದ್ರ 10. ಜಿಲ್ಲಾ ಆಸ್ಪತ್ರಿಯಾಗ ತಾವ ಪಾಳಿ ಮಾಡಲಿಕ್ಕೆ 5 ದಿನ, ಇಲ್ಲಾಂದ್ರ ಅವರ ಕೈನೂ ತುಕ್ಕ ಹಿಡೀತೈತಿ. ಬರವಣಿಗಿ, ಸಭಾ 3, ರಸ್ತೆ ಕೆಟ್ಟ ದಿನ ಅಂತ 2. ಎರಡು ದಿನದಾಗ ಒಂದು ರಾತ್ರಿ ಪಾಳಿ ಇರಲೇಬೇಕ್ರಿ. ಹಗಲ ಹೊತ್ತು ಬಂದು ಹೋಗಾಂವ ಮೆಂಟರ್ ಅಲ್ಲ, ಇನ್‌ಸ್ಪೆಕ್ಟರ್.

ಖರ್ಚು ಹೋಲಿಸ್ರಿ. ಹೋಟೆಲ್‌ದಾಗ 120 ಮಂದಿ, 6 ರಾತ್ರಿ, ದಿನಕ್ಕ 60 ಡಾಲರ್ ಹಿಡದ್ರ 43,200. ಬಸ್ಸು, ಹಾಲ್, ತರಬೇತುದಾರರು ಸೇರಿದ್ರ 60 ಸಾವಿರ ದಾಟತೈತಿ. ಮೂರು ಮಂದಿ ಮೆಂಟರ್‌ಗೆ ಪಿಂಚಣಿ-ವಿಮಾ ಸೇರಿ ತಿಂಗಳಿಗೆ ತಲಾ 1,100 ಹಿಡದ್ರ ವರ್ಷಕ್ಕ 39,600, ಬೈಕಿನ ಪೆಟ್ರೋಲು ರಿಪೇರಿ 5,400. ಒಟ್ಟು 45,000. ದರ ನಿಮ್ಮಲ್ಲಿ ಹೆಚ್ಚು ಕಡಿಮಿ ಇರಬಹುದು, ಆದ್ರ ತಕ್ಕಡಿ ಯಾವ ಕಡೆ ವಾಲತೈತಿ ಅನ್ನೂದು ಬದಲಾಗೂದಿಲ್ಲ.

ಹಂಗಂತ ಕರ್ನಾಟಕದ್ದನ್ನ ಇದ್ದಕ್ಕಿದ್ದಂಗ ಅಲ್ಲಿ ಇಳಿಸಬ್ಯಾಡ್ರಿ. ಬೆಳಗಾವಿ ಜಿಲ್ಲಾದಾಗ 1,620 ತಾಯಂದಿರ ಮ್ಯಾಲೆ ಮಾಡಿದ ಅಧ್ಯಯನ 2006ರಾಗ ಬಂತು. ಎಎನ್‌ಎಂಗಳು ಹೆರಿಗಿ ಆದ ಮ್ಯಾಲೆ 600 ಮೈಕ್ರೋಗ್ರಾಂ ಮಿಸೊಪ್ರೊಸ್ಟಾಲ್ ಬಾಯಿಂದ ಕೊಟ್ಟಾಗ ರಕ್ತಸ್ರಾವ 12%ರಿಂದ 6.4%ಕ್ಕ ಇಳೀತು. ಆದ್ರ ಎಎನ್‌ಎಂ ಹೆರಿಗಿ ಮಾಡಸ್ತಾಳ. ಮಲಾವಿಯ ಹೆಲ್ತ್ ಸರ್ವೇಲೆನ್ಸ್ ಅಸಿಸ್ಟಂಟ್ (ಹಳ್ಳಿ ಮಟ್ಟದ ಆರೋಗ್ಯ ಕಾರ್ಯಕರ್ತ) ಮಾಡಸೂದಿಲ್ಲ. ಹುದ್ದೆ ಹೆಸರು ಹತ್ತಿರ ಅನಿಸಿದ್ರೂ ಕೆಲಸ ಬ್ಯಾರೆ.

ಲೆಕ್ಕದಪುಸ್ತಕ

ಹಣದ ಕಡೆಯಿಂದ ಒಂದಷ್ಟು.

ಮೊದಲು ವಿನಿಮಯ ದರ. 2023ರ ನವೆಂಬರಿನಲ್ಲಿ ಮಲಾವಿಯ ನಾಣ್ಯ ಕ್ವಾಚಾ ಒಂದೇ ದಿನ ಡಾಲರಿಗೆ ಸುಮಾರು 1,180ರಿಂದ 1,700ಕ್ಕೆ ಹೋಯಿತು. ತಿಂಗಳಿಗೆ 9 ಲಕ್ಷ ಕ್ವಾಚಾ ಸಂಬಳದ ಮೆಂಟರ್ ಲೆಕ್ಕದಲ್ಲಿ 763 ಡಾಲರ್ ಇದ್ದವರು 529 ಆದರು. ದಾನಿಯ ಪುಸ್ತಕದಲ್ಲಿ ‘ಉಳಿತಾಯ’, ಅವರ ಮನೆಯಲ್ಲಿ ಜೋಳದ ಹಿಟ್ಟಿಗೆ ತತ್ವಾರ. ಇಂಥ ಹೊತ್ತಿನಲ್ಲೇ ಒಳ್ಳೆಯವರು ಕೆಲಸ ಬಿಡೋದು. ಆಮೇಲೆ ಅಧಿಕೃತ ದರ 1,734ರ ಆಸುಪಾಸಿನಲ್ಲಿ ನಿಂತಿತು, ಕಾಳಸಂತೆಯ ದರ 2025ರಲ್ಲಿ ಅದರ ದುಪ್ಪಟ್ಟು ದಾಟಿತ್ತು. ನಿಮ್ಮ ಡಾಲರ್ ಅಧಿಕೃತ ದರದಲ್ಲೇ ಕ್ವಾಚಾ ಆಗುತ್ತದೆ, ಆಮದು ಸಾಮಾನಿನ ಅಂಗಡಿಯವನು ಇನ್ನೊಂದು ದರದಲ್ಲಿ ಬೆಲೆ ಹಾಕುತ್ತಾನೆ. ಆದ್ದರಿಂದ ಬಜೆಟ್ ಹಾಳೆಯಲ್ಲಿ ಪ್ರತಿ ಸಾಲಿಗೂ ಎರಡು ಕಾಲಂ ಇಡಿ: ಯಾವ ನಾಣ್ಯದಲ್ಲಿ ಕೊಡಬೇಕು, ಯಾವ ನಾಣ್ಯದಲ್ಲಿ ಬೆಲೆ ಏರುತ್ತದೆ. ಆಮದಾಗುವ ಡ್ರೇಪ್, ಔಷಧಿಯನ್ನು ಆದಷ್ಟು ಹೊರಗಿನಿಂದಲೇ ಡಾಲರಿನಲ್ಲಿ ಕೊಂಡರೆ ಒಳಿತು. ದರ 10% ಅಲುಗಿದರೆ ಸಂಬಳ ಮರುಪರಿಶೀಲನೆ ಅಂತ ನಿಯಮಾವಳಿಯಲ್ಲಿ ಬರೆಯಿರಿ, ದಯೆಗೆ ಬಿಡಬೇಡಿ.

ಸಂಬಳದ ಮೇಲಿನ ಸಾಲುಗಳು: ಮಲಾವಿಯಲ್ಲಿ ಪಿಂಚಣಿಗೆ ಉದ್ಯೋಗದಾತನ ಪಾಲು ಕನಿಷ್ಠ 10%, ನೌಕರನದ್ದು 5%. ಜೊತೆಗೆ ವಿಮೆ, ಬಳಸದ ರಜೆಯ ಹಣ, ಕಾನೂನಿನ ಪ್ರಕಾರ ಕೊಡಬೇಕಾದ ನಿರ್ಗಮನ ಪರಿಹಾರ, ನೋಟಿಸ್ ಅವಧಿಯ ಸಂಬಳ. ಕೊನೆಯ ಎರಡನ್ನು ಮೂರನೇ ವರ್ಷಕ್ಕೆ ತಳ್ಳಿಬಿಡುವ ಚಾಳಿ ಇದೆ. 2025ರ ಜನವರಿ 24ರಂದು ಅಮೆರಿಕದ ನೆರವಿನ ಕಾರ್ಯಕ್ರಮಗಳಿಗೆ ಕೆಲಸ ನಿಲ್ಲಿಸಿ ಅನ್ನುವ ಆದೇಶ ಬಂತು, ಜುಲೈ 1ಕ್ಕೆ ಯುಎಸ್‌ಏಡ್ ಬಾಗಿಲು ಹಾಕಿತು. ಅಂಥ ದಿನ ಮೂರನೇ ವರ್ಷ ಬರುವುದೇ ಇಲ್ಲ. ತಿಂಗಳು ತಿಂಗಳೂ ಸಂಬಳದ ಜೊತೆಯಲ್ಲೇ ನಿರ್ಗಮನದ ಬಾಬ್ತನ್ನೂ ಖರ್ಚು ಹಾಕುತ್ತಾ ಬನ್ನಿ, ಇದಕ್ಕೆ ದಾನಿಯ ಒಪ್ಪಿಗೆಯನ್ನು ಮೊದಲೇ ಬರಹದಲ್ಲಿ ತೆಗೆದುಕೊಳ್ಳಿ. ಒಪ್ಪಂದದ ಒಟ್ಟು ಮೊತ್ತ ಬೇರೆ, ಇಲ್ಲಿಯವರೆಗೆ ಬದ್ಧಗೊಳಿಸಿದ ಮೊತ್ತ ಬೇರೆ. ಎರಡನೆಯದು ಮುಗಿಯುವ ದಿನಾಂಕ ದಾಟಿ ಯಾರ ಕರಾರಿಗೂ ಸಹಿ ಹಾಕಬೇಡಿ.

ಓವರ್‌ಹೆಡ್: ಹಣ ಅಮೆರಿಕ ಸರ್ಕಾರದ್ದಾದರೆ ಮತ್ತು ನಿಮಗೆ ಒಪ್ಪಿತ ದರ ಇಲ್ಲದಿದ್ದರೆ, 2024ರ ಅಕ್ಟೋಬರಿನಿಂದ 15% ತನಕ ಹಾಕಬಹುದು. ಮೊದಲು 10% ಇತ್ತು. ಆದರೆ ಇದು ಇಡೀ ಖರ್ಚಿನ ಮೇಲಲ್ಲ. ವಾಹನದಂಥ ದೊಡ್ಡ ಉಪಕರಣ ಹೊರಗೆ, ಉಪ-ಸಂಸ್ಥೆಗೆ ಕೊಟ್ಟ ಹಣದಲ್ಲಿ ಮೊದಲ 50,000 ಮಾತ್ರ ಒಳಗೆ. ಉದಾಹರಣೆಗೆ ಮಿಷನ್ ಆಸ್ಪತ್ರೆಗಳ ಒಕ್ಕೂಟಕ್ಕೆ 2 ಲಕ್ಷ ಕೊಟ್ಟು 45,000ಕ್ಕೆ ಒಂದು ಗಾಡಿ ಕೊಂಡಿರಿ ಅನ್ನಿ. 1,50,000 ಮತ್ತು 45,000 ಸೇರಿ 1,95,000 ಲೆಕ್ಕದಿಂದ ಹೊರಗೆ. ಒಟ್ಟು 9 ಲಕ್ಷದಲ್ಲಿ ನೇರ ಖರ್ಚು 8,08,043, ಓವರ್‌ಹೆಡ್ 91,957. ಕಣ್ಣುಮುಚ್ಚಿ ಎಲ್ಲದರ ಮೇಲೂ 15% ಹಾಕಿದರೆ ಓವರ್‌ಹೆಡ್ 1,17,391 ಬರುತ್ತದೆ. ನಡುವಿನ 25 ಸಾವಿರ ಆಡಿಟ್‌ನಲ್ಲಿ ವಾಪಸ್ ಕಟ್ಟಬೇಕಾದ ದುಡ್ಡು.

ಭತ್ಯೆ ವಿಚಾರ. ಟಾಂಜಾನಿಯಾದಲ್ಲಿ ಪೋಶೋ ಅಂತಾರೆ, ಮಲಾವಿಯಲ್ಲಿ ಅಲೋವೆನ್ಸ್. ಹೆಸರು ಯಾವುದಾದರೂ ಇದರ ಸುತ್ತಲೇ ತರಬೇತಿಯ ಹಾಜರಿ ಪಟ್ಟಿ ತಯಾರಾಗುತ್ತದೆ. ಹೆರಿಗೆ ಕೋಣೆಯ ನರ್ಸ್ ಬದಲು ಪಟ್ಟಿ ಮಾಡುವವರಿಗೆ ಬೇಕಾದವರು ಬರುತ್ತಾರೆ. ಹಿಂದಿನ ಮೂರು ತಿಂಗಳ ಡ್ಯೂಟಿ ಪಟ್ಟಿಯ ನಕಲು ತರಿಸಿ, ಅದರಲ್ಲಿ ಹೆಸರಿದ್ದವರಿಗೆ ಮಾತ್ರ ಆಹ್ವಾನ. ಹಣ ಏರ್‌ಟೆಲ್ ಮನಿ ಅಥವಾ ಎಂಪಾಂಬಾ ಎಂಬ ಮೊಬೈಲ್ ಹಣದ ಮೂಲಕ, ನೋಂದಾಯಿತ ಹೆಸರು ಹಾಜರಿಯ ಹೆಸರಿಗೆ ಹೊಂದಿದರೆ ಮಾತ್ರ. ಅದೇ ದಿನಾಂಕಕ್ಕೆ ಬೇರೆ ಯೋಜನೆಯಿಂದಲೂ ಭತ್ಯೆ ಹೋಗಿದೆಯಾ ಅಂತ ಜಿಲ್ಲಾ ಕಚೇರಿಯಲ್ಲಿ ಎಲ್ಲ ಸಂಸ್ಥೆಗಳೂ ಒಂದೇ ಕ್ಯಾಲೆಂಡರ್ ಇಟ್ಟರೆ ತಿಳಿಯುತ್ತದೆ.

ಗುಡ್ಡದಮನೆ

ಹೋಟೆಲ್ ಬಿಟ್ಟೆ. ಆದರೆ ಒಂದು ಪ್ರಶ್ನೆ: ಅದರಿಂದ ಉಳಿದ ಹಣದಲ್ಲಿ ಹೆರಿಗೆ ಕೋಣೆಯ ನರ್ಸ್‌ಗಳಿಗೆ ತಿಂಗಳಿಗಿಷ್ಟು ಅಂತ ಸಂಬಳದ ಮೇಲೆ ಟಾಪ್-ಅಪ್ ಕೊಟ್ಟರೆ ಅವರು ನಿಲ್ಲುವುದಿಲ್ಲವೇ?

ಎರಡನೇಪಾಳಿ

ಬೇಡ ಸರ್. ಟಾಪ್-ಅಪ್ ಕೆಲಸ ಮಾಡಲ್ಲ ಅಂತಲ್ಲ. ಮಲಾವಿಯೇ ಅದಕ್ಕೆ ಉದಾಹರಣೆ. 2004ರಲ್ಲಿ ಶುರುವಾದ ತುರ್ತು ಮಾನವ ಸಂಪನ್ಮೂಲ ಕಾರ್ಯಕ್ರಮದಲ್ಲಿ ಸರ್ಕಾರಿ ಮತ್ತು ಮಿಷನ್ ಆಸ್ಪತ್ರೆಗಳ 11 ವರ್ಗದ ಸಿಬ್ಬಂದಿಗೆ 52% ಹೆಚ್ಚುವರಿ ಕೊಟ್ಟರು, ಜೊತೆಗೆ ತರಬೇತಿ ಶಾಲೆಗಳನ್ನು ಹಿಗ್ಗಿಸಿದರು. 5,453 ಇದ್ದ ವೃತ್ತಿಪರರು 2009ರ ಹೊತ್ತಿಗೆ 8,369 ಆದರು. ಆದರೆ ಅದು ಇಡೀ ದೇಶಕ್ಕೆ, ಸರ್ಕಾರದ ಸಂಬಳದ ಪಟ್ಟಿಯಲ್ಲೇ, ವರ್ಷಗಟ್ಟಲೆ ನಡೆದದ್ದು. ಒಂದು ಜಿಲ್ಲೆಯಲ್ಲಿ ಒಂದೇ ವಾರ್ಡಿಗೆ ನೀವು ಕೊಟ್ಟರೆ ಮಕ್ಕಳ ವಾರ್ಡಿನವರು ಮುನಿಸಿಕೊಳ್ಳುತ್ತಾರೆ, ಪಕ್ಕದ ಜಿಲ್ಲೆಯವರು ವರ್ಗ ಕೇಳುತ್ತಾರೆ, 37ನೇ ತಿಂಗಳು ಎಲ್ಲರ ಸಂಬಳವೂ ಒಂದೇಟಿಗೆ ಇಳಿಯುತ್ತದೆ.

ತುಂಗಾ_ಮಿಡ್‌ವೈಫ್

ಇಲ್ಲಿ ನನ್ನದು ಸ್ವಲ್ಪ ಭಿನ್ನ ಅಭಿಪ್ರಾಯ. ತಿಂಗಳ ಟಾಪ್-ಅಪ್ ಬೇಡ, ಒಪ್ಪುತ್ತೇನೆ. ಆದರೆ ರಾತ್ರಿಯ ಖಾಲಿ ಪಾಳಿ ತುಂಬಲು ಲೋಕಮ್ ದುಡ್ಡು (ಬದಲಿ ಅಥವಾ ಹೆಚ್ಚುವರಿ ಪಾಳಿ ಮಾಡಿದವರಿಗೆ ಕೊಡುವ ಹಣ) ಇಡದಿದ್ದರೆ ಮೇಲಿನ ಐದು ಜನದ ಲೆಕ್ಕ ಕಾಗದದಲ್ಲೇ ಉಳಿಯುತ್ತದೆ. ಜಿಲ್ಲೆಯ ಲೋಕಮ್ ಹಣ ವರ್ಷದ ಮಧ್ಯದಲ್ಲೇ ಮುಗಿಯುವುದು ಮಾಮೂಲು. ಸರ್ಕಾರಿ ದರದಲ್ಲೇ, ಜಿಲ್ಲೆಯ ಪಟ್ಟಿಯ ಮೂಲಕವೇ, ಹೆರಿಗೆ ಕೋಣೆಯ ರಾತ್ರಿ ಪಾಳಿಗೆ ಮಾತ್ರ ಕೊಡಿ. ಒಬ್ಬರಿಗೆ ತಿಂಗಳಿಗೆ ಗರಿಷ್ಠ ಆರು ಅಂತ ಮಿತಿ ಹಾಕಿ. ಮಿತಿ ಇಲ್ಲದಿದ್ದರೆ ಇಬ್ಬರು ಮೂವರೇ ಎಲ್ಲ ಪಾಳಿ ಬರೆಸಿಕೊಂಡು ಅರೆನಿದ್ದೆಯಲ್ಲಿ ಕೆಲಸ ಮಾಡುತ್ತಾರೆ. ಓದು ಮುಗಿಸಿ ನೇಮಕಾತಿ ಇಲ್ಲದೆ ಕೂತಿರುವ ನರ್ಸ್‌ಗಳೂ ಅಲ್ಲಿದ್ದಾರೆ, ಕೊರತೆ ಜನರದ್ದಲ್ಲ, ಖಜಾನೆಯ ಸಂಬಳ ಬಾಬ್ತಿನದ್ದು. ನೋಂದಣಿ ಚಾಲ್ತಿಯಲ್ಲಿರುವಂಥವರನ್ನು ಲೋಕಮ್ ಪಟ್ಟಿಗೆ ಸೇರಿಸಿಕೊಳ್ಳಬಹುದು.

ಎರಡನೇಪಾಳಿ

ಮಿತಿ ಮತ್ತು ಜಿಲ್ಲೆಯ ಪಟ್ಟಿ, ಎರಡೂ ಇದ್ದರೆ ನನ್ನ ತಕರಾರಿಲ್ಲ. ಮೂರನೇ ವರ್ಷ ಅರ್ಧವನ್ನು ಜಿಲ್ಲೆಯೇ ಹೊರಬೇಕು ಅಂತ ಈಗಲೇ ಬರೆಸಿ.

ಶೀತಲಪೆಟ್ಟಿಗೆ

ಸಾಮಗ್ರಿಗೆ 9%, ಅಂದರೆ 81,000. 17,000 ಹೆರಿಗೆಗೆ ಹಾಳಾಗುವ 10% ಸೇರಿಸಿ 18,700 ಡ್ರೇಪ್. ಒಂದಕ್ಕೆ ಒಂದೇ ಡಾಲರ್ ಹಿಡಿದರೂ ಮೂರು ವರ್ಷಕ್ಕೆ 56,100. ಔಷಧಿಗೆ ಉಳಿದದ್ದೆಷ್ಟು ನೋಡಿಕೊಳ್ಳಿ.

ಆಕ್ಸಿಟೋಸಿನ್ 10 ಯೂನಿಟ್ ಆಂಪೂಲ್ 2ರಿಂದ 8 ಡಿಗ್ರಿಯಲ್ಲೇ ಇರಬೇಕು. ಲಸಿಕೆ ಫ್ರಿಜ್‌ನಲ್ಲಿ ಜಾಗ ಇರುತ್ತದೆ, ಆದರೆ ಅದರ ಕೀಲಿ ಲಸಿಕೆಯವರ ಹತ್ತಿರ, ಅವರು ಸಂಜೆ ಮನೆಗೆ. ಹಾಗಾಗಿ ರಾತ್ರಿಗೆ ಬೇಕಾದೀತು ಅಂತ ಹತ್ತು ಆಂಪೂಲ್ ತೆಗೆದು ಹೆರಿಗೆ ಕೋಣೆಯ ಕಿಟಕಿ ಪಕ್ಕದ ಟ್ರೇಯಲ್ಲಿ ಇಡುತ್ತಾರೆ, ಉಳಿದದ್ದು ನಾಳೆಗೂ ಅಲ್ಲೇ. ಹೊರಗೆ ನೋಡಿದರೆ ಔಷಧಿ ಹಾಗೇ ಇದೆ, ಒಳಗೆ ಕಸುವು ಹೋಗಿರುತ್ತದೆ. ನರ್ಸ್ ಸರಿಯಾಗಿಯೇ ಕೊಡುತ್ತಾಳೆ, ರಕ್ತ ನಿಲ್ಲಲ್ಲ, ಕೊನೆಗೆ ‘ತರಬೇತಿ ಸಾಲದು’ ಅಂತ ವರದಿ. ಎರಡನೇ ಕೀಲಿ ಮಾಡಿಸಿ ಹೆರಿಗೆ ಕೋಣೆಯಲ್ಲಿಡಿ, ಕೋಲ್ಡ್ ಬಾಕ್ಸ್ ಕೊಡಿ. ಬಜೆಟ್ಟಿನ ಅತಿ ಅಗ್ಗದ ಸಾಲು ಇದೇ ಇರಬೇಕು.

ಶಾಖ ತಡೆಯುವ ಕಾರ್ಬೆಟೋಸಿನ್ 100 ಮೈಕ್ರೋಗ್ರಾಂ 30 ಡಿಗ್ರಿವರೆಗೂ ಹೊರಗೆ ಇರುತ್ತದೆ. ಬಡ ದೇಶಗಳ ಸರ್ಕಾರಿ ವಲಯಕ್ಕೆ ತಯಾರಕರು ಘೋಷಿಸಿದ ದರ ಆಂಪೂಲಿಗೆ 0.31 ಡಾಲರ್ ಆಸುಪಾಸು. 12,600 ಹೆರಿಗೆಗೆ 4,000 ಡಾಲರ್ ಕೂಡ ಆಗಲ್ಲ. ಆದರೆ ಇದು ರಕ್ತಸ್ರಾವ ತಡೆಗೆ ಮಾತ್ರ. ನೋವು ಬರಿಸಲು, ನೋವು ಹೆಚ್ಚಿಸಲು ಕೊಡಲೇಬಾರದು. ದೇಶದ ಅಗತ್ಯ ಔಷಧಿ ಪಟ್ಟಿ, ನೋಂದಣಿ ನೋಡಿಕೊಂಡೇ ಮುಂದುವರಿಯಿರಿ.

ಟ್ರಾನೆಕ್ಸಾಮಿಕ್: 8% ಹೆರಿಗೆಗೆ ಬೇಕು ಅಂತ ಹಿಡಿದರೆ 1,360 ಗ್ರಾಂ, ಅರ್ಧ ಗಂಟೆಯಲ್ಲೂ ನಿಲ್ಲದವರಿಗೆ ಇನ್ನೊಂದು ಡೋಸ್ ಅಂತ 15% ಸೇರಿಸಿ 1,564. ಹಳೇ ರಿಜಿಸ್ಟರಿನ ರಕ್ತಸ್ರಾವದ ಸಂಖ್ಯೆ ಹಿಡಿದು ಇಂಡೆಂಟ್ ಹಾಕಿದರೆ ಮೂರನೇ ತಿಂಗಳೇ ಖಾಲಿ, ಪತ್ತೆ ಹೆಚ್ಚುತ್ತದೆ ಅಂತ ತುಂಗಾ ಮೇಡಂ ಹೇಳಿದ್ದು ಇದಕ್ಕೇ. ಹೆರಿಗೆಯಾದ 3 ಗಂಟೆಯ ನಂತರ ಶುರು ಮಾಡುವಂತಿಲ್ಲ. ಇನ್ನೊಂದು ಅಪಾಯ: ಇದರ ಆಂಪೂಲ್ ಬೆನ್ನಿಗೆ ಚುಚ್ಚುವ ಅರಿವಳಿಕೆ ಔಷಧಿಯ ಆಂಪೂಲಿನಂತೆಯೇ ಕಾಣುವುದರಿಂದ ಅದಲುಬದಲಾಗಿ ಸಾವುಗಳಾಗಿವೆ, 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಕೆಯನ್ನೂ ಕೊಟ್ಟಿತು. ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ಅರಿವಳಿಕೆ ಟ್ರಾಲಿಯಿಂದ ದೂರ ಇಡಿಸಿ.

ಎಕ್ಲಾಂಪ್ಸಿಯಾಗೆ ಕೊಡುವ ಮೆಗ್ನೀಷಿಯಂ ಸಲ್ಫೇಟ್: ಮೊದಲ ಡೋಸ್ 14 ಗ್ರಾಂ. ಅದರಲ್ಲಿ 4 ಗ್ರಾಂ ರಕ್ತನಾಳಕ್ಕೆ: 50%ದ 8 ಮಿ.ಲೀ.ಗೆ 12 ಮಿ.ಲೀ. ಶುದ್ಧ ನೀರು ಬೆರೆಸಿ 20 ಮಿ.ಲೀ. ಮಾಡಿ ನಿಧಾನಕ್ಕೆ. ಉಳಿದ 10 ಗ್ರಾಂ ಎರಡೂ ಪೃಷ್ಠಕ್ಕೆ 5-5, ಒಂದೊಂದಕ್ಕೂ 1 ಮಿ.ಲೀ. 2% ಲಿಗ್ನೊಕೇನ್ ಸೇರಿಸಿ. ಆಮೇಲೆ 4 ಗಂಟೆಗೊಮ್ಮೆ 5 ಗ್ರಾಂ, 24 ಗಂಟೆಗೆ ಒಟ್ಟು 44 ಗ್ರಾಂ. ಕೇಂದ್ರದಲ್ಲಿ ಮೊದಲ ಡೋಸ್ ಕೊಟ್ಟು ಕಳಿಸುವುದು, ಉಳಿದದ್ದು ಆಸ್ಪತ್ರೆಯಲ್ಲಿ. ಹಾಗಾಗಿ ಕೇಂದ್ರದ ಪೆಟ್ಟಿಗೆಯಲ್ಲಿ ಒಬ್ಬರಿಗೆ 14 ಗ್ರಾಂ, ಜೊತೆಗೆ 20 ಮತ್ತು 10 ಮಿ.ಲೀ. ಸಿರಿಂಜ್, ಪ್ರತಿವಿಷವಾಗಿ ಕ್ಯಾಲ್ಸಿಯಂ ಗ್ಲುಕೊನೇಟ್ 1 ಗ್ರಾಂ. ಖರೀದಿಯವರಿಗೆ ಒಂದು ಮಾತು: ಆಂಪೂಲ್ 2 ಮಿ.ಲೀ.ದ್ದೂ ಬರುತ್ತದೆ, 10 ಮಿ.ಲೀ.ದ್ದೂ ಬರುತ್ತದೆ. ಒಂದರಲ್ಲಿ 1 ಗ್ರಾಂ, ಇನ್ನೊಂದರಲ್ಲಿ 5. ಗೋಡೆಗೆ ಅಂಟಿಸಿದ ಚೀಟಿಯಲ್ಲಿ ‘4 ಆಂಪೂಲ್’ ಅಂತ ಇದ್ದು ಸರಬರಾಜು ಬದಲಾದರೆ 20 ಗ್ರಾಂ ಹೋಗುತ್ತದೆ. ಚೀಟಿಯಲ್ಲಿ ಯಾವಾಗಲೂ ಗ್ರಾಂ ಮತ್ತು ಮಿ.ಲೀ. ಬರೆಯಿರಿ.

ಐವಿ ದ್ರವದ ಗುಣಮಟ್ಟಕ್ಕೂ ಒಂದು ಸಾಲು ಇಡಿ. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ತೀರಿಕೊಂಡಾಗ ಅನುಮಾನ ಹೋದದ್ದು ರಿಂಗರ್ ಲ್ಯಾಕ್ಟೇಟ್ ದ್ರವದ ಮೇಲೆ. ಬ್ಯಾಚ್ ಸಂಖ್ಯೆಯನ್ನು ಸ್ಟಾಕ್ ರಿಜಿಸ್ಟರಿನಲ್ಲೂ ಕೇಸ್ ಶೀಟ್‌ನಲ್ಲೂ ಬರೆದಿದ್ದರೆ ಮಾತ್ರ ಇಂಥ ಹೊತ್ತಿನಲ್ಲಿ ಯಾವುದನ್ನು ಹಿಂತೆಗೆಯಬೇಕು ಅಂತ ತಿಳಿಯುತ್ತದೆ.

ಗುಡ್ಡದಮನೆ

ಎಲ್ಲರಿಗೂ ಧನ್ಯವಾದ. ಹೊಸ ಹಂಚಿಕೆ: ಮೆಂಟರ್ ಮತ್ತು ಸ್ಥಳದಲ್ಲೇ ತರಬೇತಿ 24%, ಯೋಜನಾ ಕಚೇರಿ 24%, ಔಷಧಿ-ಸಾಮಗ್ರಿ 18%, ವಾಹನ-ಇಂಧನ 9%, ಲೋಕಮ್ 6%, ತಾಯಿ ಸಾವಿನ ಪರಿಶೀಲನೆ ಮತ್ತು ದತ್ತಾಂಶ 4%, ಮೀಸಲು 4%, ಓವರ್‌ಹೆಡ್ 11%. ಕಚೇರಿಯಲ್ಲಿ ತರಬೇತಿ ಸಂಯೋಜಕರು ಮತ್ತು ಸಂವಹನ ಅಧಿಕಾರಿ ಹುದ್ದೆ ತೆಗೆದಿದ್ದೇನೆ. ಇನ್ನೇನು ಬಿಟ್ಟಿದ್ದೇನೆ?

ಬೆಳಗಾವ್ಯಾಂವ್

ರಕ್ತ ಬಿಟ್ಟೀರಿ. ಕೇಂದ್ರದಾಗ ಎಲ್ಲಾ ಸರಿ ಮಾಡಿ ಆಸ್ಪತ್ರಿಗೆ ಕಳಿಸಿದ ಮ್ಯಾಲೆ ಅಲ್ಲಿ ರಕ್ತದ ಚೀಲ ಇರಲಿಲ್ಲಾ ಅಂದ್ರ? ಮಲಾವಿ ಬ್ಲಡ್ ಟ್ರಾನ್ಸ್‌ಫ್ಯೂಷನ್ ಸರ್ವಿಸ್‌ನಿಂದ ಜಿಲ್ಲಾ ಆಸ್ಪತ್ರಿಗೆ ವಾರಕ್ಕ ಎಷ್ಟು ಯೂನಿಟ್ ಬರತಾವ, ಬೇಡಿಕಿ ಎಷ್ಟು, ಮೊದಲ ತಿಂಗಳ ಅದನ್ನ ಬರದು ಇಡ್ರಿ. ಆಂಬುಲೆನ್ಸ್ ಡೀಸೆಲ್ ಜಿಲ್ಲಾದ ಓಆರ್‌ಟಿ ಹಣದಾಗ (ಸಂಬಳ ಬಿಟ್ಟು ದಿನದ ಖರ್ಚಿಗೆ ಸರ್ಕಾರ ಕೊಡೂದು) ಬರತೈತಿ, ಅದು ತಡಾ ಆದ ತಿಂಗಳು ಗಾಡಿ ನಿಂತಿರತೈತಿ. ನಿಮ್ಮ 9%ದಾಗ ಯೋಜನಾ ಗಾಡಿದಷ್ಟ ಅಲ್ಲ, ಆಂಬುಲೆನ್ಸಿಗೂ ತುರ್ತು ಡೀಸೆಲ್ ಅಂತ ಬ್ಯಾರೆ ಸಾಲು ಹಾಕ್ರಿ. ಲಾಗ್ ಬುಕ್ಕಿನಾಗ ಕರೆ ಬಂದ ಹೊತ್ತು, ಗಾಡಿ ಬಿಟ್ಟ ಹೊತ್ತು, ತಾಯಿ ಮುಟ್ಟಿದ ಹೊತ್ತು, ಮೂರೂ ಇರ್ಬೇಕು.

ತುಂಗಾ_ಮಿಡ್‌ವೈಫ್

ಸಾವಿನ ಪರಿಶೀಲನೆಗೆ 4% ಇಟ್ಟದ್ದು ಒಳ್ಳೆಯದಾಯಿತು, ಆದರೆ ಅದು ಸಭೆಯ ಊಟಕ್ಕೆ ಮುಗಿಯದಿರಲಿ. ಪ್ರತಿ ಪರಿಶೀಲನೆಯಿಂದ ಮೂರೇ ಕ್ರಮ, ಪ್ರತಿಯೊಂದಕ್ಕೂ ಒಬ್ಬರ ಹುದ್ದೆ ಮತ್ತು ದಿನಾಂಕ. ಅದರಲ್ಲಿ ಒಂದಾದರೂ ಆ ಕೇಂದ್ರದವರು ಯಾರ ಅನುಮತಿಯೂ ಇಲ್ಲದೆ ಮಾಡಬಹುದಾದ್ದು ಇರಲಿ. ನರ್ಸ್ ಹೆಸರು ನಡಾವಳಿಯಲ್ಲಿ ಬರಬಾರದು. ಒಮ್ಮೆ ಬಂದರೆ ಮುಂದಿನ ಸಾವಿನ ಕೇಸ್ ಶೀಟ್ ನಿಮಗೆ ಪೂರ್ತಿ ತುಂಬಿಯೇ ಸಿಗುತ್ತದೆ, ಎಲ್ಲ ಸುಳ್ಳು.

ಲೆಕ್ಕದಪುಸ್ತಕ

ಖರ್ಚಿನ ವೇಗದ ಬಗ್ಗೆ ಒಂದೇ ಮಾತು. ಮೊದಲ ತ್ರೈಮಾಸಿಕಕ್ಕೆ ಒಟ್ಟು ಬಜೆಟ್ಟಿನ ಹನ್ನೆರಡನೇ ಒಂದು ಭಾಗ ತೋರಿಸಬೇಡಿ. ನೇಮಕಾತಿ, ಸುಂಕ ವಿನಾಯಿತಿ ಪತ್ರ, ಜಿಲ್ಲೆಯ ಒಪ್ಪಂದ, ಇದೇ ಆಗೋದು ಆ ಮೂರು ತಿಂಗಳಲ್ಲಿ. ಶೇಕಡ 3-4 ಖರ್ಚಾದರೆ ಹೆಚ್ಚು. ಸಮವಾಗಿ ಹಂಚಿ ತೋರಿಸಿದರೆ ಆರನೇ ತಿಂಗಳಲ್ಲಿ ‘ಖರ್ಚು ಹಿಂದಿದೆ’ ಅಂತ ದಾನಿಯ ಪತ್ರ ಬರುತ್ತದೆ, ಆಗ ಬೇಗ ಖರ್ಚು ಮಾಡುವ ದಾರಿ ಒಂದೇ ಹೊಳೆಯೋದು: ಹೋಟೆಲ್ ತರಬೇತಿ.

ಶೀತಲಪೆಟ್ಟಿಗೆ

ಸುಂಕ ವಿನಾಯಿತಿ ಪತ್ರದಲ್ಲಿ ಡ್ರೇಪನ್ನು ‘ಪ್ಲಾಸ್ಟಿಕ್ ಸಾಮಾನು’ ಅಂತ ಬರೆಯಬೇಡಿ, ‘ಹೆರಿಗೆಗೆ ಬಳಸುವ ವೈದ್ಯಕೀಯ ಸಾಧನ’ ಅಂತ ಬರೆದು ಆರೋಗ್ಯ ಸಚಿವಾಲಯದ ಮುದ್ರೆ ಹಾಕಿಸಿ. ಸರಕು ಹಡಗು ಹತ್ತುವ ಮೊದಲೇ ಪತ್ರ ಕೈಯಲ್ಲಿರಲಿ. ಮಲಾವಿಗೆ ಸಮುದ್ರ ಇಲ್ಲ. ಬೈರಾ, ನಕಾಲಾ ಅಥವಾ ದಾರ್-ಎಸ್-ಸಲಾಮ್ ಬಂದರಿನಲ್ಲಿ ಇಳಿದು ಲಾರಿಯಲ್ಲೋ ರೈಲಿನಲ್ಲೋ ಗಡಿ ದಾಟಬೇಕು, ಕಾಗದ ಸರಿ ಇಲ್ಲದಿದ್ದರೆ ನಿಂತಷ್ಟು ದಿನವೂ ಬಾಡಿಗೆ. ಆ ಬಾಡಿಗೆಯನ್ನು ಬಹುತೇಕ ದಾನಿಗಳು ಒಪ್ಪುವ ಖರ್ಚು ಅಂತ ಹಿಡಿಯಲ್ಲ. ಮೊದಲ ಕಂತಿಗೆ ಆರು ತಿಂಗಳಿಗೆ ಸಾಲುವಷ್ಟು, 9,350 ಡ್ರೇಪ್ ಮಾತ್ರ ತರಿಸಿ. ಬಳಕೆ ನೋಡಿಕೊಂಡು ಎರಡನೇ ಆರ್ಡರ್ ಎರಡನೇ ತಿಂಗಳ ಕೊನೆಗೇ ಹಾಕಿಬಿಡಿ.